ಕಣದ ಆಯವೂ ಟೆಕ್ಸಾಸಿನ ಟಿಪ್ಸೂ

ದೇಶನೂರು,
ಸಿರುಗುಪ್ಪ ತಾಲ್ಲೂಕು

ಮಗಳೆ,

ಟೆಕ್ಸಾಸಿಗೆ ಓದಲು ಹೊರಟಿದ್ದೀಯ. ವೀಸಾದ ಓಡಾಟ ನಿಮ್ಮಪ್ಪಂದು, ಚಟ್ನಿಪುಡಿಯ ಚಿಂತೆ ನಿಮ್ಮವ್ವಂದು. ಅಲ್ಲಿ ಹೋಟೆಲಿನಲ್ಲಿ ಉಂಡು ಏಳುವಾಗ ಎಷ್ಟು ಇಡಬೇಕು ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದು ನನ್ನ ಪಾಲಿಗೆ ಬಂತು. ಸಿರುಗುಪ್ಪ, ಕುರುಗೋಡು ಕಡೆಯಿಂದ ಹೊರಟ ಇನ್ನೂ ನಾಲ್ಕು ಮಂದಿ ಓದಲಿ ಅಂತ ಇದನ್ನು ಪತ್ರಿಕೆಗೂ ಕೊಟ್ಟಿದ್ದೇನೆ, ಬೇಜಾರಾಗಬೇಡ.

ನಮ್ಮ ಕಡೆ ಟಿಪ್ಸ್ ಅಂದರೆ ಸೋಂಪಿನ ತಟ್ಟೆಯಲ್ಲಿ ಬಿಟ್ಟುಬಂದ ಚಿಲ್ಲರೆ. ಇಟ್ಟರೆ ಸಪ್ಲೈಯರಿಗೆ ಖುಷಿ, ಇಡದಿದ್ದರೆ ಯಾರೂ ಕೇಳುವುದಿಲ್ಲ. ಈ ಲೆಕ್ಕ ಅಮೆರಿಕದಲ್ಲಿ ನಡೆಯುವುದಿಲ್ಲ. ಅಲ್ಲಿಯ ಪದ್ಧತಿಗೆ ಹೋಲಿಕೆ ಬೇಕಾದರೆ ನಮ್ಮ ಹಳೇ ಕಾಲದ ಕಣಕ್ಕೆ ಹೋಗಬೇಕು. ಬಡಿಗ, ಕಮ್ಮಾರ, ಅಗಸ, ಕ್ಷೌರಿಕ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣದ ಅಂಚಿಗೆ ಬಂದು ನಿಲ್ಲುತ್ತಿದ್ದರು. ರಾಶಿಯಿಂದ ಅವರವರ ಆಯ ಅಳೆದು ಕೊಡಬೇಕಿತ್ತು. ದೊಡ್ಡ ಮನಸ್ಸಿನಿಂದ ಕೊಟ್ಟೆವು ಅಂತ ನಮ್ಮ ಹಿರೀಕರು ಮೀಸೆ ತಿರುವಿಕೊಂಡರೂ ಅದು ದುಡಿದವರ ಕೂಲಿಯೇ. ಯಾಕೆ ಕಡಿಮೆ ಅಳೆದಿರಿ ಅಂತ ಕೇಳುವ ಬಲ ಮಾತ್ರ ಅವರಿಗಿರಲಿಲ್ಲ.

ಟೆಕ್ಸಾಸಿನಲ್ಲಿ ಬಡಿಸುವ ಹುಡುಗಿಯದೂ ಹೆಚ್ಚುಕಡಿಮೆ ಅದೇ ಪಾಡು. ಮಾಲೀಕ ತನ್ನ ಕೈಯಿಂದ ಗಂಟೆಗೆ 2.13 ಡಾಲರ್ ಕೊಟ್ಟರೆ ಕಾನೂನಿಗೆ ಸಾಕು. 1991ರಿಂದ ಈ ಅಂಕಿ ಕದಲಿಲ್ಲ. ಕನಿಷ್ಠ ವೇತನ 7.25. ನಡುವಿನ ಅಂತರವನ್ನು ಗಿರಾಕಿಗಳ ಟಿಪ್ಸು ತುಂಬಬೇಕು. ತುಂಬದಿದ್ದರೆ ಉಳಿದದ್ದನ್ನು ಮಾಲೀಕ ಕೊಡಬೇಕು. ಆದ್ದರಿಂದ ಕೂತು ಉಂಡ ಕಡೆ, ತೆರಿಗೆ ಸೇರುವ ಮುಂಚಿನ ಮೊತ್ತದ ಮೇಲೆ ನೂರಕ್ಕೆ 18ರಿಂದ 20 ಇಡು. 40 ಡಾಲರಿನ ಊಟಕ್ಕೆ 8. ಅದನ್ನು ರೂಪಾಯಿಗೆ ಗುಣಿಸಿ ಎದೆ ಹಿಡಿದುಕೊಳ್ಳಬೇಡ. ಅಷ್ಟು ಕೈಯಲ್ಲಿಲ್ಲದ ದಿನ ಮನೆಯಲ್ಲೇ ಅನ್ನ ಸಾರು ಮಾಡಿಕೋ. ಉಂಡಾದ ಮೇಲೆ ಬಡಿಸಿದವಳ ಕೂಲಿಯಲ್ಲಿ ಉಳಿಸುವುದು ಬೇಡ. ಗೆಳೆಯರ ಗುಂಪು ಕಟ್ಟಿಕೊಂಡು ಹೋದಾಗ ಬಿಲ್ಲು ಸರಿಯಾಗಿ ಓದು, ಟಿಪ್ಸನ್ನು ಮೊದಲೇ ಸೇರಿಸಿರುತ್ತಾರೆ ಕೆಲವರು. ಕೌಂಟರಿನಲ್ಲಿ ನೀನೇ ನಿಂತು ಕಾಫಿ ಕೊಂಡಾಗಲೂ ಪರದೆ ತಿರುಗಿಸಿ ಕೇಳುತ್ತಾರೆ. ಬೇಡ ಅಂತ ಒತ್ತಿದರೆ ತಪ್ಪಿಲ್ಲ.

ಈ ಪದ್ಧತಿ ನನಗೆ ಹಿಡಿಸುವುದಿಲ್ಲ. ಅಲ್ಲಿಯವರಲ್ಲೂ ಹಲವರಿಗೆ ಹಿಡಿಸಿರಲಿಲ್ಲ. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂದೆ ಬಂದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾದವು. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕ ಪೂರ್ತಿ ಕನಿಷ್ಠ ವೇತನ ಕೊಡಲೇಬೇಕು, ಆದರೂ ರೂಢಿ ಬಿಟ್ಟಿಲ್ಲ. ಪದ್ಧತಿಯ ಮೇಲಿನ ಸಿಟ್ಟನ್ನು ತಟ್ಟೆ ತಂದಿಟ್ಟವಳ ಮೇಲೆ ತೀರಿಸಿಕೊಳ್ಳುವುದು ಮಾತ್ರ ನ್ಯಾಯವಲ್ಲ.

ದಾರಿಯಲ್ಲಿ ಜಪಾನಿನಲ್ಲಿ ಇಳಿದರೆ ಪೂರಾ ಉಲ್ಟಾ. ಅಲ್ಲಿ ಮೇಜಿನ ಮೇಲೆ ದುಡ್ಡು ಬಿಟ್ಟರೆ, ಮರೆತು ಹೋದೆ ಅಂದುಕೊಂಡು ಬೆನ್ನಟ್ಟಿ ಬಂದು ವಾಪಸು ಕೊಟ್ಟಾರು. ತಲೆಬಾಗಿ ಒಂದು ಒಳ್ಳೆಯ ಮಾತು ಹೇಳು, ಸಾಕು. ಫ್ರಾನ್ಸಿನಲ್ಲಿ ಸೇವೆಯ ದರ ಬಿಲ್ಲಿನೊಳಗೇ ಇರುತ್ತದೆ. ಜರ್ಮನಿಯಲ್ಲಿ ಮೊತ್ತವನ್ನು ಸ್ವಲ್ಪ ಮೇಲಕ್ಕೆ ಸರಿಮಾಡಿ, ಇಷ್ಟು ತಗೊಳ್ಳಿ ಅಂತ ಬಾಯಿಬಿಟ್ಟು ಹೇಳುತ್ತಾರೆ.

ಇನ್ನು ನಮ್ಮಲ್ಲಿ, ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಿದ್ದರೆ ತೆಗೆಯಿರಿ ಅನ್ನಲು ಹಿಂಜರಿಯಬೇಡ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿ ಸೇರಿಸಕೂಡದು ಅಂದಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಆ ಮಾತನ್ನು ಎತ್ತಿಹಿಡಿದಿದೆ. ಸಹಾಯವಾಣಿ 1915.

ಇನ್ನೊಂದು ಮಾತು. ಕಚೇರಿಗಳಲ್ಲಿ ‘ಚಾಕ್ಕೆ’ ಅಂತ ಮಡಚಿ ಕೊಡುವುದನ್ನು ಟಿಪ್ಸಿನ ಸಾಲಿಗೆ ಸೇರಿಸಬೇಡ, ಅದು ಲಂಚ. ಲಂಚದ ಕಾನೂನಿಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ನಮ್ಮಲ್ಲೂ ಕೊಟ್ಟವರೂ ಅಪರಾಧಿಗಳೇ. ಅಮೆರಿಕದ ಪೊಲೀಸರು ಕಾರು ನಿಲ್ಲಿಸಿದಾಗ ಆ ಚಾಳಿ ತೋರಿಸಿದರೆ ಕೈಗೆ ಬೇಡಿ ಬೀಳುತ್ತದೆ.

ನಿನ್ನನ್ನು ವಿಮಾನ ಹತ್ತಿಸಲು ಬಾಡಿಗೆ ಕಾರು ಗೊತ್ತುಮಾಡುವಾಗ ಡ್ರೈವರ್ ಬಾಟಾ ಬಾಡಿಗೆಯೊಳಗೇ ಇದೆಯೋ, ಬೇರೆ ಕೊಡಬೇಕೋ ಅಂತ ಮೊದಲೇ ಕೇಳಿಕೊಳ್ಳಲು ನಿಮ್ಮಪ್ಪನಿಗೆ ಹೇಳು. ರಾತ್ರಿಯೆಲ್ಲ ಓಡಿಸುವವನು, ಊಟಕ್ಕೆ ನಿಮ್ಮ ಜೊತೆಗೇ ಕೂರಿಸಿಕೊಳ್ಳಿ.

ನಿನ್ನ ದೊಡ್ಡಪ್ಪ