ಕಾಫಿಗೆ ಕರೆಯುವವರು

ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲೋ, ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್‌ನಲ್ಲೋ, ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲೋ ಸಾಮಾನು ತರಲು ಹೋದಾಗ ಯಾರೋ ಹತ್ತಿರ ಬಂದು, "ಇಂಡಿಯಾದಲ್ಲಿ ಯಾವೂರು?" ಎನ್ನುತ್ತಾರೆ. ಬಂದ ಹೊಸತರಲ್ಲಿ ಆ ಮಾತು ಎಷ್ಟು ಹಿತವೆಂದು ನನಗೂ ಗೊತ್ತು. ನಂಬರ್ ಕೊಡುತ್ತೀರಿ, ಕಾಫಿಗೆ ಕರೆ ಬರುತ್ತದೆ. ಯಾವ ವ್ಯಾಪಾರ ಎಂದು ಕೇಳಿದರೆ ಓದಲು ಒಂದು ಪುಸ್ತಕ ಕೊಟ್ಟು, ಆಮೇಲೆ "ಮೆಂಟರ್" ಹತ್ತಿರ ಕರೆದೊಯ್ಯುತ್ತಾರೆ. ಹೆಸರು ಹೇಳುವುದಕ್ಕೇ ಇಷ್ಟು ಸುತ್ತಿ ಬಳಸುವ ವ್ಯಾಪಾರದ ಮೇಲೆ ನನಗೆ ಮೊದಲಿಂದಲೂ ಅನುಮಾನ.

ಮಕ್ಕಳೇ, ಒಳಗಿನ ಲೆಕ್ಕ ತಿಳಿದುಕೊಳ್ಳಿ. ಸಾದಾ ಅಫಿಲಿಯೇಟ್ ಕೆಲಸದಲ್ಲಿ ನಿಮ್ಮ ಲಿಂಕಿನಿಂದ ಯಾರಾದರೂ ಕೊಂಡರೆ ಕಮಿಷನ್ ಬರುತ್ತದೆ, ಅಷ್ಟೇ. ಇವರು ಕರೆಯುವ ಮಲ್ಟಿ ಲೆವೆಲ್ ಮಾರ್ಕೆಟಿಂಗ್‌ನಲ್ಲಿ ನಿಮ್ಮನ್ನು ಸೇರಿಸಿದವರು ಅಪ್‌ಲೈನ್, ನೀವು ಸೇರಿಸಿದವರು ಡೌನ್‌ಲೈನ್. ಕೆಳಗಿನವರ ಖರೀದಿಯಲ್ಲಿ ನಿಮಗೊಂದು ಪಾಲು, ನಿಮ್ಮ ಮೇಲಿನವರಿಗೂ ಪಾಲು. ಆ ಪಾಲು ಕೈಗೆ ಬರಬೇಕಾದರೆ ಸಾಮಾನ್ಯವಾಗಿ ತಿಂಗಳು ತಿಂಗಳೂ ಇಷ್ಟು ಪಾಯಿಂಟಿನ ಮಾಲು ಹೋಗಲೇಬೇಕು. ಹೊರಗಿನ ಗಿರಾಕಿ ಸಿಗದಿದ್ದರೆ ನೀವೇ ಕೊಳ್ಳುತ್ತೀರಿ. ಸೆಮಿನಾರಿನ ಟಿಕೆಟ್ಟು ಬೇರೆ.

ಒಬ್ಬೊಬ್ಬರು ಆರಾರು ಜನರನ್ನು ಸೇರಿಸಿದರೆ ನಾಲ್ಕನೇ ಹಂತದಲ್ಲಿ 1,296 ಜನ ಬೇಕು. ಎಂಟನೆಯದಕ್ಕೆ 16,79,616. ಅಡಿಲೇಡಿನ ಜನಸಂಖ್ಯೆಯೇ ಸುಮಾರು 15 ಲಕ್ಷ! ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇಂಥ 70 ಕಂಪನಿಗಳು ತಮ್ಮಲ್ಲಿ ಸೇರಿದವರ ಆದಾಯದ ಬಗ್ಗೆ ಕೊಟ್ಟ ಹೇಳಿಕೆಗಳನ್ನು ತೆಗೆದು ನೋಡಿತು. ಸೇರಿದವರಲ್ಲಿ ಹೆಚ್ಚಿನವರ ಗಳಿಕೆ ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ.

"ಇದು ಲೀಗಲ್" ಎನ್ನುತ್ತಾರೆ. ಇರಬಹುದು. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ 44ನೇ ಸೆಕ್ಷನ್ ನಿಷೇಧಿಸುವುದು ಪಿರಮಿಡ್ ಯೋಜನೆಯನ್ನು, ಅಂದರೆ ಜನ ಸೇರಿಸಿದ್ದಕ್ಕೇ ದುಡ್ಡು ಎಂದು ಆಸೆ ತೋರಿಸಿ ಪ್ರವೇಶದ ಹಣ ಕಟ್ಟಿಸಿಕೊಳ್ಳುವುದನ್ನು. ಟಿವಿಐ ಎಕ್ಸ್‌ಪ್ರೆಸ್ ಎಂಬ ಯೋಜನೆ ಪ್ರವಾಸದ ಆಮಿಷ ತೋರಿಸಿ ಜನ ಸೇರಿಸುತ್ತಿತ್ತು. 2011ರಲ್ಲಿ ಫೆಡರಲ್ ಕೋರ್ಟ್ ಅದನ್ನು ಪಿರಮಿಡ್ ಎಂದಾಗ ಸಿಕ್ಕಿಬಿದ್ದವರು ಇಲ್ಲಿದ್ದು ಅದನ್ನು ಹಬ್ಬಿಸಿದ ಮೂವರು. ಲಯೋನೆಸ್ ಎಂಬ ಇನ್ನೊಂದು ಕಂಪನಿಯ ಮೇಲೆ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಹೂಡಿದ ದಾವೆ ಮಾತ್ರ 2015ರಲ್ಲಿ ಬಿದ್ದುಹೋಯಿತು. ಕೋರ್ಟ್ ಅಡ್ಡಿಯಿಲ್ಲ ಎಂದ ಮಾತ್ರಕ್ಕೆ ನಿಮ್ಮ ಖಾತೆಗೆ ದುಡ್ಡು ಬರುವುದಿಲ್ಲ.

ನನ್ನ ಸಂಕಟ ದುಡ್ಡಿಗಿಂತ ಬೇರೆ. ಸೇರಿದ ದಿನವೇ ಪರಿಚಯದವರ ಹೆಸರುಗಳ ಪಟ್ಟಿ ಬರೆಸುತ್ತಾರೆ. ಏರ್‌ಪೋರ್ಟಿಗೆ ಕಾರು ತಂದವರು, ಬಾಡಿಗೆ ಮನೆಗೆ ರೆಫರೆನ್ಸ್ ಕೊಟ್ಟವರು, ಬಾಣಂತನಕ್ಕೆ ಊರಿಂದ ಅಮ್ಮ ಬರಲಾಗದಾಗ ಸಾರು-ಅನ್ನ ಕಳಿಸಿದ ಆಂಟಿ, ಎಲ್ಲರೂ ಅದರಲ್ಲಿ. ಪರ್ತ್, ಬ್ರಿಸ್ಬೇನ್, ಅಡಿಲೇಡಿನಂಥ ಊರುಗಳಲ್ಲಿ ನಮ್ಮವರು ಸಿಡ್ನಿ, ಮೆಲ್ಬರ್ನಿನಷ್ಟಿಲ್ಲ. ಯುಗಾದಿಗೆ ಸಿಕ್ಕವರೇ ರಾಜ್ಯೋತ್ಸವಕ್ಕೂ ಸಿಗುತ್ತಾರೆ. ಒಮ್ಮೆ ಈ ವ್ಯಾಪಾರದ ಪ್ಲಾನ್ ತೋರಿಸಿದಿರೋ, ಮುಂದಿನ ಸಲ ನಿಮ್ಮನ್ನು ಕಂಡವರು ಪ್ಲೇಟು ಹಿಡಿದು ಆಚೆ ಟೇಬಲ್ಲಿಗೆ ಹೋಗುತ್ತಾರೆ. ಕಮಿಷನ್ ಬಾರದಿದ್ದರೂ ಆ ನಷ್ಟ ಆಗಿಯೇ ಆಗುತ್ತದೆ.

ಸ್ಟೂಡೆಂಟ್ ವೀಸಾದಲ್ಲಿರುವವರಿಗೆ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಕೆಲಸದ ಮಿತಿ. ಆ ಗಂಟೆಗಳನ್ನು ಸಂಬಳ ಸಿಗುವ ಕಡೆ ಕಳೆಯಿರಿ. ಯಾರಾದರೂ ಕರೆದರೆ ಕಂಪನಿಯ ಹೆಸರು, ಆದಾಯದ ಹೇಳಿಕೆ, ಖರ್ಚು ಕಳೆದು ಅವರಿಗೇ ಕಳೆದ ವರ್ಷ ಉಳಿದದ್ದು ಎಷ್ಟು ಎಂದು ಫೋನಿನಲ್ಲೇ ಕೇಳಿ. ಸೇರಿಬಿಟ್ಟಿದ್ದರೆ ತಿಂಗಳ ಆರ್ಡರ್ ಇವತ್ತೇ ನಿಲ್ಲಿಸಿ, ಉಳಿದ ಮಾಲು ವಾಪಸ್ ತೆಗೆದುಕೊಳ್ಳಿ ಎಂದು ಕಂಪನಿಗೆ ಬರೆಯಿರಿ.