ನೀರುಕಾಯಿ ಮರ: ನೆಡುವ ಮುನ್ನ ಮತ್ತು ನೆಟ್ಟ ನಂತರ



ಮುಂಗಾರು ಸಮೀಪಿಸುತ್ತಿದ್ದಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಸಭೆಯಲ್ಲಿಯೂ ಸಸಿ ನೆಡುವ ವಿಷಯವು ಕಾರ್ಯಸೂಚಿಗೆ ಬರುತ್ತದೆ. ಎಷ್ಟು ಸಸಿ, ಯಾವ ರಸ್ತೆ, ಎಷ್ಟು ಗುಂಡಿ ಎಂಬುದು ಚರ್ಚೆಯಾಗುತ್ತದೆ. ಯಾವ ಜಾತಿಯ ಸಸಿ ಎಂಬ ಪ್ರಶ್ನೆಯು ಮಾತ್ರ ಸಾಮಾನ್ಯವಾಗಿ ಸಸ್ಯಕ್ಷೇತ್ರದಲ್ಲಿ ಅಂದು ಏನು ಲಭ್ಯವಿದೆಯೋ ಅದಕ್ಕೇ ಬಿಟ್ಟುಹೋಗುತ್ತದೆ. ಈ ಪಾಠದಲ್ಲಿ ನಮ್ಮ ರಸ್ತೆಬದಿಗಳಲ್ಲಿ ಕಾಣುವ ಒಂದೇ ಒಂದು ಮರವನ್ನು ಆರಿಸಿಕೊಂಡು ಅದರ ಮೂಲ, ಬೆಳೆಸುವ ವಿಧಾನ, ಆರೈಕೆ ಮತ್ತು ಅಪಾಯಗಳನ್ನು ವಿವರಿಸಲಾಗಿದೆ. ಆ ಮರವೇ ನೀರುಕಾಯಿ ಮರ. ಇದರ ವೈಜ್ಞಾನಿಕ ಹೆಸರು ಸ್ಪಾತೋಡಿಯಾ ಕ್ಯಾಂಪಾನ್ಯುಲೇಟಾ.

ಮರದ ಪರಿಚಯ

ಇದು ಉಷ್ಣವಲಯದ ಆಫ್ರಿಕಾದ ಮರ. ಪಶ್ಚಿಮದಲ್ಲಿ ಘಾನಾದಿಂದ ಹಿಡಿದು ದಕ್ಷಿಣಕ್ಕೆ ಅಂಗೋಲಾ, ಪೂರ್ವಕ್ಕೆ ಉಗಾಂಡಾ ಮತ್ತು ಕೀನ್ಯಾದವರೆಗೆ ಇದರ ತವರು ಹಬ್ಬಿದೆ. ಅಂದು ಚಿನ್ನದ ಕರಾವಳಿ ಎಂದು ಕರೆಯಲಾಗುತ್ತಿದ್ದ ಇಂದಿನ ಘಾನಾದಲ್ಲಿ 1787ರಲ್ಲಿ ಯೂರೋಪಿಯನ್ನರು ಇದನ್ನು ಮೊದಲು ಗುರುತಿಸಿದರು. ಹೂವಿನ ಸೊಬಗಿನಿಂದಾಗಿ ಮುಂದೆ ಇದು ಜಗತ್ತಿನ ಬಹುತೇಕ ಎಲ್ಲ ಉಷ್ಣ ಪ್ರದೇಶಗಳ ಉದ್ಯಾನಗಳಿಗೂ ತಲುಪಿತು. ಕೀನ್ಯಾದ ನಂದಿ ಎಂಬ ಪ್ರದೇಶದ ಹೆಸರಿನಿಂದ ಇದಕ್ಕೆ ‘ನಂದಿ ಜ್ವಾಲೆ’ ಎಂಬ ಹೆಸರೂ ಉಂಟು. ನಮ್ಮ ನಂದಿ ಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ತವರಿನಲ್ಲಿ ಇದರ ಹಗುರವಾದ ಮರವನ್ನು ಡೋಲುಗಳನ್ನೂ ಕಮ್ಮಾರರ ತಿದಿಗಳನ್ನೂ ಮಾಡಲು ಬಳಸುತ್ತಾರೆ.

ಮರವು 7ರಿಂದ 25 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಒಂದು ಕಡ್ಡಿಯ ಎರಡೂ ಬದಿಗೆ ಹಲವು ಕಿರು ಎಲೆಗಳಿರುವ ಸಂಯುಕ್ತ ಎಲೆ, ರೆಂಬೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಅರಳುವ ಕೇಸರಿಗೆಂಪು ಬಣ್ಣದ ಬಟ್ಟಲಿನಂಥ ಹೂ, ದೋಣಿಯಾಕಾರದ ಉದ್ದನೆಯ ಕಾಯಿ ಇದರ ಗುರುತುಗಳು. ಮೊಗ್ಗಿನೊಳಗೆ ನೀರು ತುಂಬಿರುತ್ತದೆ. ಅದನ್ನು ಹಿಚುಕಿ ಒಬ್ಬರ ಮೇಲೊಬ್ಬರು ಚಿಮ್ಮಿಸಿಕೊಂಡು ಆಡುವ ಮಕ್ಕಳು ಇದಕ್ಕೆ ‘ಉಚ್ಚೆಕಾಯಿ’ ಎಂದು ಹೆಸರಿಟ್ಟಿದ್ದಾರೆ. ಗುಲ್‌ಮೊಹರ್ ಮತ್ತು ನಮ್ಮ ನಾಡಿನದೇ ಆದ ಮುತ್ತುಗದೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಮುತ್ತುಗಕ್ಕೆ ಮೂರೇ ಎಲೆ. ಗುಲ್‌ಮೊಹರ್‌ಗೆ ಹುಣಸೆಯಂತೆ ಸಣ್ಣ ಸಣ್ಣ ಎಲೆ.

ನನ್ನ ಒಂದು ತಪ್ಪು

ಸೇವೆಗೆ ಸೇರಿದ ಮೊದಲ ವರ್ಷ ನನಗೆ ವಹಿಸಿದ್ದ ಪಂಚಾಯಿತಿಯಲ್ಲಿ ಶಾಲೆಯ ಆವರಣಕ್ಕೂ ಅದರ ಮುಂದಿನ ರಸ್ತೆಗೂ ಸೇರಿ 60 ನೀರುಕಾಯಿ ಸಸಿಗಳನ್ನು ನೆಡಿಸಿದೆ. ಎಂಜಿನಿಯರಿಂಗ್ ಓದಿ ಬಂದಿದ್ದ ನನಗೆ ಅಂದು ಬೇಕಾಗಿದ್ದುದು ಬೇಗನೆ ಕಣ್ಣಿಗೆ ಕಾಣುವ ಫಲಿತಾಂಶ. ಈ ಸಸಿಯನ್ನು ದನ ಹೆಚ್ಚಾಗಿ ಮುಟ್ಟಲಿಲ್ಲ, ಬಿಸಿಲಿಗೆ ಸಾಯಲಿಲ್ಲ, ಎರಡು ಮಳೆಗಾಲದಲ್ಲಿ ಆಳೆತ್ತರ ಮೀರಿತು. ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಮಾತ್ರ, “ಸಾರ್, ಇಷ್ಟು ಬೇಗ ಬೆಳೆದದ್ದು ಗಟ್ಟಿ ಇರೋದಿಲ್ಲ. ಶಾಲೆ ಹತ್ತಿರ ಬೇಡವಾಗಿತ್ತು” ಎಂದಿದ್ದರು. ನಾನು ಅದನ್ನು ನಡವಳಿಯಲ್ಲಿ ಬರೆಯಿಸಲೂ ಇಲ್ಲ.

ಕೆಲವು ವರ್ಷಗಳಲ್ಲಿ ನನಗೆ ವರ್ಗಾವಣೆಯಾಯಿತು. ಮರಗಳು ಅಲ್ಲಿಯೇ ಉಳಿದವು. ಮುಂದೊಂದು ವರ್ಷ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅವುಗಳಲ್ಲಿ ಒಂದರ ದಪ್ಪ ಕೊಂಬೆ ಸೀಳಿ ಶಾಲೆಯ ಗೇಟಿನ ಮೇಲೆ ಬಿದ್ದಿತೆಂದು ಕೇಳಿ ನೋಡಲು ಹೋದೆ. ಅಂದು ಭಾನುವಾರವಾಗಿದ್ದುದರಿಂದ ಯಾರಿಗೂ ಏನೂ ಆಗಿರಲಿಲ್ಲ. ಮಣಿದುಹೋಗಿದ್ದ ಕಬ್ಬಿಣದ ಗೇಟನ್ನು ನೋಡುತ್ತ ನಿಂತಾಗ, ಸೋಮವಾರದ ಬೆಳಗಿನ ಒಂಬತ್ತೂವರೆ ಗಂಟೆಗೆ ಆ ಗೇಟಿನಲ್ಲಿ ಎಷ್ಟು ಮಕ್ಕಳು ನಿಂತಿರುತ್ತಾರೆ ಎಂಬುದು ನೆನಪಾಯಿತು. ಹಿಂದಿರುಗುವಾಗ ಊರ ಹಳ್ಳದ ದಂಡೆಯಲ್ಲಿ ಯಾರೂ ನೆಡದ ನೀರುಕಾಯಿ ಸಸಿಗಳು ಸೊಂಟದೆತ್ತರಕ್ಕೆ ಎದ್ದಿರುವುದನ್ನೂ ಕಂಡೆ. ಈ ಎರಡು ದೃಶ್ಯಗಳೇ ಈ ಪಾಠಕ್ಕೆ ಕಾರಣ.

ಕೊಂಬೆ ಏಕೆ ಮುರಿಯುತ್ತದೆ?

ಬೇಗ ಬೆಳೆಯುವ ಈ ಮರದ ಕಾಷ್ಠವು ಮೃದು ಮತ್ತು ಹಗುರ. ಬೇಗ ಕೊಳೆಯುವ ಗುಣವೂ ಇದೆ. ಬೇರುಗಳು ಬಹುಮಟ್ಟಿಗೆ ಮೇಲ್ಪದರದಲ್ಲಿಯೇ ಹರಡುತ್ತವೆ. ಕೊಂಬೆಯನ್ನು ಒಂದು ತುದಿ ಮಾತ್ರ ಗೋಡೆಯಲ್ಲಿ ಹುದುಗಿದ ತೊಲೆಯೆಂದು ಭಾವಿಸಿ. ತೊಲೆ ಉದ್ದವಾದಷ್ಟೂ, ತುದಿಯ ಭಾರ ಹೆಚ್ಚಿದಷ್ಟೂ ಬುಡದ ಮೇಲಿನ ಒತ್ತಡ ಏರುತ್ತದೆ. ನೀರುಕಾಯಿ ಮರದಲ್ಲಿ ಹೂವಿನ ಗೊಂಚಲು ಮತ್ತು ಕಾಯಿಗಳೆರಡೂ ರೆಂಬೆಯ ತುದಿಯಲ್ಲಿಯೇ ಇರುತ್ತವೆ. ಇದರ ಮೇಲೆ ಗಾಳಿ ಸೇರಿಕೊಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮರವನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿಗೆ ಕೊಂಬೆಗಳು ಮುರಿಯುವುದು ಆದುದರಿಂದ ಆಕಸ್ಮಿಕವಲ್ಲ. ಮುಂಚಿತವಾಗಿ ಊಹಿಸಬಹುದಾದ ಘಟನೆ.

ಎಲ್ಲಿ ನೆಡಬಾರದು?

ಮರವು ಪೂರ್ಣ ಬೆಳೆದಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರದವರೆಗೆ ಅದು ಬೀಳಬಲ್ಲದು ಎಂಬುದು ಸರಳ ನಿಯಮ. ಈ ಅಳತೆಯೊಳಗೆ ಶಾಲೆ, ಅಂಗನವಾಡಿ, ಬಸ್ ತಂಗುದಾಣ, ಸಂತೆ ಮೈದಾನ, ವಿದ್ಯುತ್ ತಂತಿ, ನೀರಿನ ತೊಟ್ಟಿ ಅಥವಾ ವಾಸದ ಮನೆಯಿದ್ದರೆ ಅಲ್ಲಿ ಇದನ್ನು ನೆಡಬಾರದು.

ಇದಕ್ಕಿಂತಲೂ ಮುಖ್ಯವಾಗಿ ಕಾಡಿನ ಅಂಚು, ದೇವರಕಾಡು, ಹಳ್ಳ-ತೊರೆಗಳ ದಂಡೆ, ಕೆರೆಯ ಏರಿ ಹಾಗೂ ಬೀಳುಬಿಟ್ಟ ಜಮೀನುಗಳ ಸಮೀಪ ಇದಕ್ಕೆ ಅವಕಾಶ ಕೊಡಬಾರದು. ಒಂದು ಕಾಯಿಯಲ್ಲಿ ಸುಮಾರು 500 ಬೀಜಗಳಿರುತ್ತವೆ. ಪ್ರತಿ ಬೀಜಕ್ಕೂ ತೆಳುವಾದ ಪಾರದರ್ಶಕ ರೆಕ್ಕೆಯಿದೆ. ಕಾಯಿ ಮರದ ಮೇಲೆಯೇ ಸೀಳಿ, ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ, ನೀರಿನಲ್ಲಿಯೂ ಸಾಗುತ್ತವೆ. ಬೇರಿನ ಚೂರು, ಕಡಿದ ಹಸಿ ಕೊಂಬೆಗಳಿಂದಲೂ ಹೊಸ ಗಿಡ ಚಿಗುರುತ್ತದೆ.

ಇತರ ದೇಶಗಳ ಅನುಭವ ನಮಗೆ ಎಚ್ಚರಿಕೆಯಾಗಬೇಕು. ಫಿಜಿ ದ್ವೀಪಗಳಲ್ಲಿ ಇದು ಕೃಷಿಭೂಮಿಗೆ ನುಗ್ಗಿ ರೈತರಿಗೆ ಕಳೆಯಾಗಿದೆ. ಪೋರ್ಟೊ ರಿಕೊದಲ್ಲಿ ಉಳುಮೆ ನಿಂತ ಹೊಲಗಳನ್ನು ವ್ಯಾಪಕವಾಗಿ ಆವರಿಸಿಕೊಂಡಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇದನ್ನು ಮಾರುವುದಕ್ಕೂ ಇತರರಿಗೆ ಕೊಡುವುದಕ್ಕೂ ನಿರ್ಬಂಧವಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರ ಗುಂಪು ಸಿದ್ಧಪಡಿಸಿದ, ಅತ್ಯಂತ ಹಾನಿಕಾರಕವಾದ 100 ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಇದರ ಹೂವಿನೊಳಗೆ ಜೇನ್ನೊಣಗಳು, ಅದರಲ್ಲಿಯೂ ಮುಳ್ಳಿಲ್ಲದ ಜೇನಿನ ಜಾತಿಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್ ಮತ್ತು ಆಸ್ಟ್ರೇಲಿಯಾಗಳಲ್ಲಿ ದಾಖಲಿಸಲಾಗಿದೆ. ನಮ್ಮಲ್ಲಿ ಮುಜಂಟಿ ಜೇನು ಸಾಕುವ ಕುಟುಂಬಗಳಿರುವ ಊರುಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ನೆಡಲೇಬೇಕಾದ ಸಂದರ್ಭದಲ್ಲಿ

ಸುತ್ತಲೂ ವಿಶಾಲವಾದ ಬಯಲಿದ್ದು, ಕಾಡಿನಿಂದಲೂ ನೀರಿನ ಹರಿವಿನಿಂದಲೂ ದೂರವಿರುವ ಉದ್ಯಾನದಲ್ಲಿ ಒಂದೆರಡು ಮರ ಬೇಕೆಂದು ಸಭೆಯು ತೀರ್ಮಾನಿಸಿದರೆ ಕೆಳಗಿನ ವಿಧಾನವನ್ನು ಅನುಸರಿಸಬಹುದು.

1. ಬೀಜವು ಬಹಳ ತೆಳುವಾಗಿರುವುದರಿಂದ ಆಳವಾಗಿ ಹೂಳಬಾರದು. ಜರಡಿ ಹಿಡಿದ ಮಣ್ಣಿನ ಮೇಲೆ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ತೇವ ಕಾಯ್ದುಕೊಳ್ಳಬೇಕು. ಕೆಲವು ವಾರಗಳಲ್ಲಿ ಮೊಳಕೆ ಬರುತ್ತದೆ. ಕಡ್ಡಿ ಮತ್ತು ಬೇರಿನ ಚಿಗುರುಗಳಿಂದಲೂ ಸಸಿ ಮಾಡಬಹುದು.

2. ಇದಕ್ಕೆ ಪೂರ್ಣ ಬಿಸಿಲು ಮತ್ತು ನೀರು ಬಸಿದುಹೋಗುವ ಮಣ್ಣು ಬೇಕು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣಿನೊಂದಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಮರದಿಂದ ಮರಕ್ಕೆ ಕನಿಷ್ಠ 10 ಮೀಟರ್ ಅಂತರವಿರಲಿ.

3. ಮೊದಲ ಎರಡು ಬೇಸಿಗೆ ನೀರು ಕೊಡಬೇಕು. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಬೇಕು.

4. ಎಳೆಯದಾಗಿರುವಾಗಲೇ ಒಂದು ನೇರ ಕಾಂಡವನ್ನು ಉಳಿಸಿ ಪೈಪೋಟಿಯ ಕವಲನ್ನು ತೆಗೆಯಬೇಕು. ಒಂದೇ ಕಡೆಯಿಂದ ಇಕ್ಕಟ್ಟಾಗಿ ಹೊರಟ ಎರಡು ಕವಲುಗಳೇ ಮುಂದೆ ಸೀಳುವ ಸ್ಥಳ.

5. ಸಸಿಗೆ ಕಟ್ಟಿದ ತಂತಿ ಮತ್ತು ಕಬ್ಬಿಣದ ಕಾವಲನ್ನು ಸಕಾಲದಲ್ಲಿ ಬಿಚ್ಚಬೇಕು. ತಂತಿ ತೊಗಟೆಯನ್ನು ಕೊರೆದ ಜಾಗದಲ್ಲಿಯೇ ಕೊಳೆತ ಆರಂಭವಾಗುತ್ತದೆ.

ಈಗಾಗಲೇ ಇರುವ ಮರಗಳ ಆರೈಕೆ

ಈ ಪಾಠವನ್ನು ಓದಿ ಇರುವ ಮರಗಳನ್ನೆಲ್ಲ ಕಡಿಯಬೇಕೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಅಪಾಯವಿಲ್ಲದ ಜಾಗದಲ್ಲಿರುವ ಹಳೆಯ ಮರ ನೆರಳು ನೀಡುತ್ತದೆ. ಸೂರಕ್ಕಿಗಳು ಅದರ ಹೂವಿಗೆ ಬರುತ್ತವೆ. ಊರಿನವರಿಗೆ ಅದರ ಮೇಲೆ ಅಕ್ಕರೆಯಿರುತ್ತದೆ. ಅಂಥ ಮರವನ್ನು ಉಳಿಸಿಕೊಂಡು ನೋಡಿಕೊಳ್ಳುವುದೇ ಸರಿ.

ಪ್ರತಿ ವರ್ಷ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ, ಅಂದರೆ ಬಿರುಗಾಳಿ ಆರಂಭವಾಗುವ ಮುನ್ನ, ಮರಗಳನ್ನು ಪರಿಶೀಲಿಸಬೇಕು. ಕಾಂಡದ ಮೇಲೆ ಅಣಬೆ ಎದ್ದಿದೆಯೇ, ಕವಲಿನಲ್ಲಿ ಬಿರುಕಿದೆಯೇ, ಕೊಡತಿಯಿಂದ ತಟ್ಟಿದರೆ ಪೊಳ್ಳು ಶಬ್ದ ಬರುತ್ತದೆಯೇ, ಮರ ವಾಲಿದ ಎದುರು ದಿಕ್ಕಿನಲ್ಲಿ ಮಣ್ಣು ಉಬ್ಬಿದೆಯೇ ಎಂಬ ನಾಲ್ಕು ಅಂಶಗಳನ್ನು ನೋಡಲು ವಿಶೇಷ ತರಬೇತಿ ಬೇಕಾಗಿಲ್ಲ. ಸಂಶಯ ಬಂದರೆ ವಲಯ ಅರಣ್ಯ ಕಚೇರಿಯ ಸಿಬ್ಬಂದಿಗೆ ತೋರಿಸಬೇಕು.

ಒಣಗಿದ, ಸೀಳಿದ ಕೊಂಬೆಗಳನ್ನು ಬುಡದ ಉಬ್ಬಿನ ಹೊರಗೆ ಸ್ವಚ್ಛವಾಗಿ ಕತ್ತರಿಸಬೇಕು. ಮರದ ತಲೆಯನ್ನೇ ಬೋಳಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಬೋಳಿಸಿದ ಜಾಗದಿಂದ ಹೊರಡುವ ಹೊಸ ಚಿಗುರುಗಳ ಹಿಡಿತ ದುರ್ಬಲವಾಗಿದ್ದು, ಅವು ದೊಡ್ಡದಾದಾಗ ಮೊದಲಿಗಿಂತ ಸುಲಭವಾಗಿ ಕಳಚಿ ಬೀಳುತ್ತವೆ. ತಂತಿಯ ಸಮೀಪದ ಕೊಂಬೆಗಳನ್ನು ವಿದ್ಯುತ್ ಸರಬರಾಜು ನಿಲ್ಲಿಸಿ, ಲೈನ್‌ಮನ್ ಸಮ್ಮುಖದಲ್ಲಿಯೇ ಕತ್ತರಿಸಬೇಕು. ರಸ್ತೆಗೆ ಕಾಂಕ್ರೀಟ್ ಹಾಕುವಾಗ ಮರದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣನ್ನು ತೆರೆದಿಡುವಂತೆ ಅಂದಾಜುಪಟ್ಟಿಯಲ್ಲಿಯೇ ಸೇರಿಸಬೇಕು. ಚರಂಡಿ ತೋಡುವಾಗ ಒಂದು ಬದಿಯ ಬೇರನ್ನೆಲ್ಲ ಕಡಿದ ಮರ ಮುಂದಿನ ಗಾಳಿಗೆ ಉರುಳುವುದು ನಿಶ್ಚಿತವೆಂದೇ ತಿಳಿಯಬೇಕು.

ಹರಡದಂತೆ ತಡೆಯಲು, ಕೈಗೆಟಕುವ ಕಾಯಿಗಳನ್ನು ಒಣಗಿ ಸೀಳುವ ಮುನ್ನವೇ ಕೊಯ್ದು ಆಳವಾಗಿ ಹೂಳಬೇಕು. ಹಳ್ಳದ ದಂಡೆಯಲ್ಲಿ ಎದ್ದ ಸಸಿಗಳನ್ನು ಮಳೆಗಾಲದಲ್ಲಿ, ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಕತ್ತರಿಸಿ ಬಿಟ್ಟರೆ ಮತ್ತೆ ಚಿಗುರುತ್ತವೆ. ಆದುದರಿಂದ ಒಮ್ಮೆ ಕಿತ್ತ ಜಾಗವನ್ನು ಎರಡು ವರ್ಷವಾದರೂ ನೋಡುತ್ತಿರಬೇಕು. ಕಡಿದ ಹಸಿ ಕೊಂಬೆಗಳನ್ನು ಎಂದಿಗೂ ಹಳ್ಳಕ್ಕೆ ಎಸೆಯಬಾರದು.

ಕಾನೂನು ಮತ್ತು ನಮ್ಮ ಹೊಣೆ

ಸಾರ್ವಜನಿಕ ಜಾಗದ ಮರಗಳನ್ನು ನೆಟ್ಟು ಸಂರಕ್ಷಿಸುವುದು 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಒಂದು. ಅಪಾಯಕಾರಿ ಮರವನ್ನು ತೆಗೆಯಬೇಕಾದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಮತಿಯ ವಿಷಯವನ್ನು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯಿಂದ ಲಿಖಿತವಾಗಿ ತಿಳಿದುಕೊಂಡೇ ಮುಂದುವರಿಯಬೇಕು. 2002ರ ಜೀವವೈವಿಧ್ಯ ಅಧಿನಿಯಮದಂತೆ ರಚನೆಯಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಊರಿನಲ್ಲಿ ತಾನಾಗಿಯೇ ಹರಡುತ್ತಿರುವ ಹೊರಗಿನ ಜಾತಿಗಳನ್ನೂ ಗಮನಿಸಿ ದಾಖಲಿಸಿಕೊಳ್ಳುವುದು ಒಳ್ಳೆಯದು.

ಬದಲಿ ಮರಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ರಸ್ತೆಬದಿಗೆ ಹೊಂಗೆ, ಬೇವು ಮತ್ತು ನೇರಳೆ. ಹೂವಿನ ಸೊಬಗಿಗೆ ಕಕ್ಕೆ, ಮುತ್ತುಗ ಮತ್ತು ಹೊಳೆದಾಸವಾಳ. ಶಾಲೆಯ ಆವರಣಕ್ಕೆ ರಂಜ. ಹಳ್ಳದ ದಂಡೆಗೆ ಹೊಳೆಮತ್ತಿ. ಇವುಗಳಲ್ಲಿ ಕೆಲವು ನಿಧಾನವಾಗಿ ಬೆಳೆಯುತ್ತವೆ ಎಂಬುದು ನಿಜ. ಬೇಕಾದ ಜಾತಿಯ ಬೇಡಿಕೆಯನ್ನು ಸಸ್ಯಕ್ಷೇತ್ರಕ್ಕೆ ಒಂದು ವರ್ಷ ಮುಂಚೆಯೇ ಬರೆದು ಕಳುಹಿಸಿದರೆ, ಲಭ್ಯವಿದ್ದುದನ್ನೇ ನೆಡುವ ಪರಿಸ್ಥಿತಿ ಬರುವುದಿಲ್ಲ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ವ್ಯಾಪ್ತಿಯಲ್ಲಿ ನೀರುಕಾಯಿ ಮರಗಳು ಎಷ್ಟಿವೆ? ಎಲ್ಲೆಲ್ಲಿವೆ? ಪ್ರತಿ ಸದಸ್ಯರೂ ತಮ್ಮ ಕ್ಷೇತ್ರದ ಪಟ್ಟಿಯನ್ನು ತರಬಲ್ಲರೇ?

2. ಅವುಗಳಲ್ಲಿ ಶಾಲೆ, ಅಂಗನವಾಡಿ ಅಥವಾ ಬಸ್ ತಂಗುದಾಣದ ಮೇಲೆ ಬೀಳಬಹುದಾದ ಮರಗಳು ಯಾವುವು?

3. ಹಳ್ಳದ ದಂಡೆಗಳಲ್ಲಿ ತಾನಾಗಿ ಎದ್ದ ಸಸಿಗಳನ್ನು ಈ ಮಳೆಗಾಲದಲ್ಲಿ ಕೀಳಿಸಲು ಯಾರಿಗೆ ಹೊಣೆ ವಹಿಸಬೇಕು?

4. ಮುಂದಿನ ವರ್ಷದ ಸಸಿಗಳ ಜಾತಿಯನ್ನು ಈ ಸಭೆಯಲ್ಲಿಯೇ ನಿರ್ಧರಿಸಬಹುದೇ?

ಗ್ರಾಮ ಪಂಚಾಯಿತಿಯ ಅವಧಿ 5 ವರ್ಷ. ಅಧಿಕಾರಿಗಳಾದ ನಾವು ಅದಕ್ಕೂ ಮೊದಲೇ ವರ್ಗವಾಗಿ ಹೋಗಬಹುದು. ನಾವು ನೆಟ್ಟ ಮರ ಮಾತ್ರ ಊರಿನೊಂದಿಗೆ ದಶಕಗಳ ಕಾಲ ನಿಲ್ಲುತ್ತದೆ. ಅದರ ಕೆಳಗೆ ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ಗುಂಡಿ ತೋಡುವ ದಿನವೇ ಯೋಚಿಸಬೇಕೆಂದು ಕೋರುತ್ತೇನೆ. ಸಭೆಯಲ್ಲಿ ಸದಸ್ಯರೊಬ್ಬರು ಇಂಥ ಆಕ್ಷೇಪವೆತ್ತಿದರೆ ಅದನ್ನು ನಡವಳಿಯಲ್ಲಿ ದಾಖಲಿಸಬೇಕೆಂಬುದು ನನ್ನ ಇನ್ನೊಂದು ವಿನಂತಿ. ಅಂದು ನಾನು ಹಾಗೆ ಮಾಡಿದ್ದಿದ್ದರೆ, ಆ ಗೇಟಿನ ಬಳಿ ಇಂದು ರಂಜದ ಮರಗಳು ನೆರಳು ಕೊಡುತ್ತಿದ್ದವು.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ