ಹೆಬ್ಬೆಟ್ಟಿಗೂ ಒಂದು ಬೀಗ

ಮಂಗಳೂರಿನ ಜಾಗ ಮಾರಿದ ದುಡ್ಡು ಮುಂಬಯಿಯ ಮುಲುಂಡಿನ ಖಾತೆಗೆ ಬಿತ್ತೆಂದು ನಿನ್ನ ಅತ್ತೆ ಹೇಳಿದಳು. ಸಂತೋಷ. ಹೆಬ್ಬೆಟ್ಟು ಒತ್ತುವ ನಾಚಿಕೆಗೆ ನಮ್ಮಜ್ಜಿ ಸಹಿ ಕಲಿತಳು. ನಾವು ಓದಿ ಓದಿ ಪುನಃ ಹೆಬ್ಬೆಟ್ಟಿಗೇ ಬಂದೆವು. ಬ್ಯಾಂಕಿನ ಕೌಂಟರಿನಲ್ಲಿ ಕೂದಲು ಹಣ್ಣಾದವನ ಮಾತು ಸ್ವಲ್ಪ ಕೇಳು ಮಾರಾಯ.

• ಕ್ರಯಪತ್ರದಲ್ಲಿ ನಿನ್ನ ಬೆರಳಚ್ಚು ಉಂಟು, ಆಧಾರ್ ನಂಬರೂ ಇದ್ದೀತು. 2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ನೋಂದಣಿ ಪತ್ರದ ಬೆರಳಚ್ಚೇ ಕಳ್ಳರ ಕೈ ಸೇರಿತ್ತೆಂದು ದೂರುಗಳು ಬಂದವು. ಅಚ್ಚನ್ನು ಸಿಲಿಕಾನಿಗೆ ಇಳಿಸಿ ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ಯಂತ್ರದ ಮೇಲೆ ಒತ್ತುತ್ತಾರೆ. ಅದಕ್ಕೆ ಒಟಿಪಿಯೂ ಬೇಡ, ಪಿನ್ನೂ ಬೇಡ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳನ್ನು ಏನು ಮಾಡುತ್ತೀ?

• ಆದ್ದರಿಂದ ಇವತ್ತೇ ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡು. ಒಟಿಪಿಯ ಕೆಲಸಗಳು ನಡೆಯುತ್ತಲೇ ಇರುತ್ತವೆ. ನನ್ನ ಅಕ್ಕನದ್ದೂ ಮಾಡು, ನವೆಂಬರಿನಲ್ಲಿ ಪೆನ್ಶನ್ನಿನ ಜೀವನ್ ಪ್ರಮಾಣ್‌ಗೆ ತೆರೆದು, ಆದಮೇಲೆ ಪುನಃ ಹಾಕು.

• ಬಾಡಿಗೆ ಕರಾರಿನ ಲೀವ್ ಆಂಡ್ ಲೈಸೆನ್ಸ್ ಏಜೆಂಟ್ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾನೆ. “ಬರಲಿಲ್ಲ, ಇನ್ನೊಮ್ಮೆ ಒತ್ತಿ” ಎಂದರೆ ಮೊದಲು ಪರದೆ ನೋಡು. ರಾತ್ರಿ ಆಧಾರ್ ದೃಢೀಕರಣದ ಇತಿಹಾಸ ತೆರೆದು, ಎಷ್ಟು ಸಲ ಒತ್ತಿದ್ದು ಎಂದು ಲೆಕ್ಕ ಹಾಕು.

• ಮುಲುಂಡಿನ ಪಾಂಚ್ ರಸ್ತಾದ ಝೆರಾಕ್ಸ್ ಅಂಗಡಿಯಲ್ಲಿ ಪೂರ್ತಿ ಆಧಾರ್ ಬಿಡಬೇಡ. ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ.

• ಯಂತ್ರ ಸುಳ್ಳು ಬೆರಳನ್ನು ಹಿಡಿಯುತ್ತದೆಂದು ಪೂರ್ತಿ ನಂಬಬೇಡ. ಜಪಾನಿನ ತ್ಸುತೊಮು ಮತ್ಸುಮೊತೊ 2002ರಲ್ಲೇ ಜೆಲಟಿನ್ ಬೆರಳಿನಿಂದ 11 ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದರು. 2023ರಲ್ಲಿ ಯುಐಡಿಎಐ ಜೀವಂತ ಬೆರಳನ್ನು ಗುರುತಿಸುವ ಹೊಸ ತಪಾಸಣೆ ತಂದಿತು. ಒಳ್ಳೆಯದೇ. ಊರಿನ ದೂರುಗಳೂ ಅದೇ ವರ್ಷದವು.

• ಫೋನಿನ ಬೆರಳಚ್ಚು ಬೇರೆ ಸಂಗತಿ, ಅದು ಫೋನಿನೊಳಗೇ ಇರುತ್ತದೆ. ಗೇಮ್ ಆಡಲೆಂದು ಮಗನ ಬೆರಳನ್ನೂ ಸೇರಿಸಿದ್ದೀಯಲ್ಲ, ಅದನ್ನು ಮೊದಲು ತೆಗೆ.

• ಹಣ ಹೋದರೆ ತಕ್ಷಣ 1930ಕ್ಕೆ ಫೋನು, ಬ್ಯಾಂಕಿಗೆ ಬರಹದ ದೂರು. ತಪ್ಪು ನಿನ್ನದೂ ಬ್ಯಾಂಕಿನದೂ ಅಲ್ಲದೆ ಬೇರೆಲ್ಲೋ ಆಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವನ ಮೇಲೆ ನಷ್ಟ ಬೀಳದೆಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ಹೀಗೇ ಹಣ ಕಳಕೊಂಡು ದೂರು ಕೊಡಲು ಹೋದ ನಿನ್ನ ಚಿಕ್ಕಮ್ಮನಿಗೆ ಕೌಂಟರಿನವ “ಬೆರಳು ನಿಮ್ಮದೇ ಅಲ್ಲವಾ” ಎಂದು ಕೇಳಿದನಂತೆ. ಅವಳು ಮಾತಾಡಲಿಲ್ಲ, ದೂರಿನ ಮೇಲೆ ಸೀಲು ಹಾಕಿಸಿಕೊಳ್ಳುವ ತನಕ ಕುರ್ಚಿ ಬಿಟ್ಟು ಏಳಲೂ ಇಲ್ಲ.